ಬಟ್ಟೆ ಡ್ರೈಯರ್ ಓಡ್ತಿದ್ರೆ ಮಾತ್ರ ಮೇಲಿನ ದೀಪ ಹತ್ತುತ್ತೆ, ಸಂಜೆ ಆದ್ರೆ ಅದೂ ಇಲ್ಲ: ಎಕ್ಸ್‌10 ಪವರ್‌ಲೈನ್ ನಾಯ್ಸ್ ಬಗ್ಗೆ ಸಹಾಯ ಬೇಕು

ಟೆಕ್ಸಾಸ್_ಮೈಸೂರಿಗ:
ಎಲ್ರಿಗೂ ನಮಸ್ಕಾರ. ಆಸ್ಟಿನ್ ಹತ್ರ ಹಳೇ ಮನೆ ತಗೊಂಡಿದೀವಿ, 90ರ ದಶಕದಲ್ಲಿ ಕಟ್ಟಿದ್ದು. ಹಿಂದಿನ ಓನರ್ ಮನೆ ತುಂಬಾ ಎಕ್ಸ್‌10 (ಮನೆಯ ಕರೆಂಟ್ ವೈರ್ ಮೇಲೇ ಸಿಗ್ನಲ್ ಕಳ್ಸಿ ದೀಪ ಹಾಕೋ ಆರ್ಸೋ ಹಳೇ ಸಿಸ್ಟಂ) ಗೋಡೆ ಸ್ವಿಚ್ಚು, ಲ್ಯಾಂಪ್ ಮಾಡ್ಯೂಲು, ಮೋಷನ್ ಸೆನ್ಸರು ಹಾಕ್ಸಿಟ್ಟು ಹೋಗಿದಾರೆ. ನಂಗೆ ಇದು ಇಷ್ಟಾನೇ, ಕಿತ್ತು ಬಿಸಾಕೋ ಮನಸ್ಸಿಲ್ಲ. ಈಗ ಅಪ್ಪ ಅಮ್ಮ ಮೈಸೂರಿಂದ ಬಂದಿದಾರೆ, ಅಪ್ಪಂಗೆ ಮಂಡಿ ನೋವು, ರಾತ್ರಿ ಎದ್ದಾಗ ಮೆಟ್ಟಿಲ ಹತ್ರದ ದೀಪ ತಾನಾಗೇ ಹತ್ಕೋಬೇಕು, ಇದೊಂದು ನಂಬ್ಕೊಳ್ಳೋ ಹಾಗಾದ್ರೆ ನಂಗೆ ಸಾಕು.

ಮೋಷನ್ ಸೆನ್ಸರ್ ವೈರ್‌ಲೆಸ್ಸಲ್ಲಿ ಕೆಳಗಿನ ರಿಸೀವರ್ ಡಬ್ಬಿಗೆ ಹೇಳುತ್ತೆ, ಆ ಡಬ್ಬಿ ಕರೆಂಟ್ ವೈರ್ ಮೇಲೆ ಸಿಗ್ನಲ್ ಕಳ್ಸುತ್ತೆ, ಮೇಲಿನ ಗೋಡೆ ಸ್ವಿಚ್ ಅದನ್ನ ಕೇಳ್ಕೊಂಡು ದೀಪ ಹಾಕ್ಬೇಕು. ವೈರ್‌ಲೆಸ್ ಭಾಗ ಸರಿಯಾಗೇ ಇದೆ, ಡಬ್ಬಿ ಒಳಗಿನ ರಿಲೇ ಪ್ರತಿ ಸಲ ಟಕ್ ಅನ್ನುತ್ತೆ. ಆದ್ರೆ ಮೇಲಿನ ಮಹಡಿಯ ಅರ್ಧ ಸ್ವಿಚ್ಚುಗಳಿಗೆ ಏನೂ ತಲುಪ್ತಿಲ್ಲ. ವಿಚಿತ್ರ ಏನಂದ್ರೆ ಬಟ್ಟೆ ಒಣಗ್ಸೋ ಡ್ರೈಯರ್ ಓಡ್ತಾ ಇದ್ರೆ ಅವೂ ಪಕ್ಕಾ ಕೆಲ್ಸ ಮಾಡ್ತವೆ. ಇದಲ್ದೆ ಇನ್ನೊಂದು, ಬೆಳಿಗ್ಗೆ ಚೆನ್ನಾಗಿರೋ ಸ್ವಿಚ್ಚುಗಳೂ ಸಂಜೆ ಏಳರ ಮೇಲೆ ಕೈ ಕೊಡ್ತವೆ. ಎರಡೂ ಒಂದೇ ರೋಗಾನಾ, ಬೇರೆ ಬೇರೆನಾ? ಯಾರಾದ್ರೂ ಇದನ್ನ ನೋಡಿದೋರು ಇದ್ರೆ ದಯವಿಟ್ಟು ಹೇಳಿ.

ಸನಿವೇಲ್_ಹುಡುಗ:
ಗುರೂ, ಕಿತ್ತು ಝೀವೇವ್ ಹಾಕ್ಸಿಬಿಡು, ಅದು ವೈರ್ ಬಿಟ್ಟು ರೇಡಿಯೋದಲ್ಲಿ ಮಾತಾಡುತ್ತೆ. ಎಕ್ಸ್‌10 ಅನ್ನೋದು 1975ರ ಟೆಕ್ನಾಲಜಿ, ಸ್ಕಾಟ್ಲೆಂಡಿನ ಗ್ಲೆನ್‌ರಾಥಿಸ್‌ನಲ್ಲಿ ಪಿಕೋ ಎಲೆಕ್ಟ್ರಾನಿಕ್ಸ್ ಅನ್ನೋ ಕಂಪನಿ ಮಾಡಿದ್ದು, ಅವರ ಹತ್ತನೇ ಪ್ರಾಜೆಕ್ಟ್ ಅಂತ ಆ ಹೆಸರು. ಆಗ ಮನೇಲಿ ಇದ್ದಿದ್ದು ಬಲ್ಬು, ಫ್ರಿಜ್ಜು, ಪಿಕ್ಚರ್ ಟ್ಯೂಬ್ ಟಿವಿ ಅಷ್ಟೇ. ಈಗ ಪ್ರತಿ ಪ್ಲಗ್ಗಲ್ಲೂ ಒಂದು ಚಾರ್ಜರ್ ಕೂತಿರುತ್ತೆ, ಅದ್ರ ಮಧ್ಯೆ ಆ ಸಣ್ಣ ಸಿಗ್ನಲ್ ಹೇಗೆ ಬದುಕುತ್ತೆ ಹೇಳು.

ಎಡಿಸನ್_ಅಕ್ಕ:
ಕಿತ್ತು ಹಾಕೋ ಮಾತು ಆಮೇಲೆ. ಮೈಸೂರಿಗ, ನಿಮ್ಮದು ಎರಡು ಬೇರೆ ಬೇರೆ ರೋಗ, ಡ್ರೈಯರ್ ವಿಷಯ ಹೇಳಿದ್ದು ಒಳ್ಳೇದಾಯ್ತು, ಮೊದಲ್ನೇದು ಏನು ಅಂತ ಅದ್ರಲ್ಲೇ ಗೊತ್ತಾಗುತ್ತೆ.

ಅಮೆರಿಕದ ಮನೆಗೆ ಕಂಬದ ಟ್ರಾನ್ಸ್‌ಫಾರ್ಮರಿಂದ ಎರಡು ಹಾಟ್ ವೈರ್ ಬರುತ್ತೆ, ನಡುವೆ ನ್ಯೂಟ್ರಲ್. ಒಂದೊಂದು ಹಾಟ್‌ಗೂ ನ್ಯೂಟ್ರಲ್‌ಗೂ ನಡುವೆ 120 ವೋಲ್ಟ್, ಎರಡು ಹಾಟ್ ನಡುವೆ 240. ಒಂದೊಂದು ಹಾಟ್‌ಗೂ ಲೆಗ್ ಅಂತಾರೆ, ಮನೆಯ ಅರ್ಧ ಸರ್ಕ್ಯೂಟ್ ಒಂದು ಲೆಗ್ ಮೇಲೆ, ಉಳಿದರ್ಧ ಇನ್ನೊಂದರ ಮೇಲೆ ಇರುತ್ತೆ. ನಿಮ್ಮ ರಿಸೀವರ್ ಡಬ್ಬಿ ಒಂದು ಲೆಗ್ಗಲ್ಲಿದೆ, ಮೆಟ್ಟಿಲ ಸ್ವಿಚ್ ಇನ್ನೊಂದ್ರಲ್ಲಿದೆ. ಈ ಲೆಗ್ಗಿಂದ ಆ ಲೆಗ್ಗಿಗೆ ಹೋಗೋಕೆ ಸಿಗ್ನಲ್‌ಗೆ ಮನೆ ಒಳಗೆ ದಾರಿನೇ ಇಲ್ಲ, ಹೊರಗಡೆ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ಅದರ ಸುತ್ತು ದಾಟಿ ವಾಪಸ್ ಬರ್ಬೇಕು, ಅಷ್ಟರಲ್ಲಿ ಅದ್ರಲ್ಲಿ ಏನೂ ಉಳಿದಿರಲ್ಲ. ಡ್ರೈಯರ್ 240 ವೋಲ್ಟಿಂದು. 5400 ವ್ಯಾಟ್‌ದು ಅಂದ್ಕೊಂಡ್ರೆ ಅದರ ಹೀಟರ್ ಕಾಯಿಲ್ ಸುಮಾರು 11 ಓಮ್, ಅದು ಎರಡು ಹಾಟ್ ಮಧ್ಯೆ ನೇರ ಕೂತಿರುತ್ತೆ. ಹೀಟರ್ ಆನ್ ಇರೋವರೆಗೂ ಸಿಗ್ನಲ್ ಅದ್ರ ಮೂಲಕ ದಾಟುತ್ತೆ. ಎಲೆಕ್ಟ್ರಿಕ್ ಓವನ್ ಇದ್ರೆ ಅದನ್ನ ಆನ್ ಮಾಡಿ ನೋಡಿ, ಅದ್ರಲ್ಲೂ ಹೀಗೇ ಆಗ್ಬೇಕು. ಆಯ್ತು ಅಂದ್ರೆ ನಿಮಗೆ ಬೇಕಾಗಿರೋದು ಫೇಸ್ ಕಪ್ಲರ್, ಸಿಗ್ನಲನ್ನ ಸದಾ ಈ ಲೆಗ್ಗಿಂದ ಆ ಲೆಗ್ಗಿಗೆ ದಾಟ್ಸೋ ಸಾಮಾನು.

ಸಂಜೆಯದು ಬೇರೆ. ಅದಕ್ಕೆ ಮನೇಲಿ ಏನೇನು ಪ್ಲಗ್ ಆಗಿದೆ ಅಂತ ಪಟ್ಟಿ ಕೊಡಿ.

ಟೆಕ್ಸಾಸ್_ಮೈಸೂರಿಗ:
ಅಕ್ಕಾ, ಓವನ್ ಹಾಕಿ ನೋಡ್ದೆ, ಅದೇ ಕಥೆ! ಓವನ್ ಕಾಯ್ತಾ ಇರೋವಾಗ ಮೇಲಿನ ಎಲ್ಲಾ ಸ್ವಿಚ್ಚೂ ಕೆಲಸ ಮಾಡ್ತವೆ, ಅದು ಬಿಸಿ ಆಗಿ ಹೀಟರ್ ಕಟ್ ಆದ ತಕ್ಷಣ ಮತ್ತೆ ಸತ್ತು ಹೋಗ್ತವೆ. ಅಮ್ಮ ಬಂದು ಖಾಲಿ ಓವನ್ ಯಾಕೆ ಕಾಯಿಸ್ತಿದೀಯ ಅಂತ ಕೇಳಿದ್ರು.

ಪಟ್ಟಿ: ಹಾಲಲ್ಲಿ ಟಿವಿ, ಸೌಂಡ್‌ಬಾರ್, ಗೇಮ್ ಕನ್ಸೋಲ್, ಎಲ್ಲಾ ಒಂದು ಸರ್ಜ್ ಪ್ರೊಟೆಕ್ಟರ್ ಪಟ್ಟಿಗೆ. ಆಫೀಸ್ ರೂಮಲ್ಲಿ ಯುಪಿಎಸ್, ಅದಕ್ಕೆ ಎರಡು ಮಾನಿಟರ್, ಡೆಸ್ಕ್‌ಟಾಪ್. ಅಡುಗೆಮನೇಲಿ ಕಪಾಟಿನ ಕೆಳಗೆ ಎಲ್‌ಇಡಿ ಪಟ್ಟಿ ದೀಪ, ಸಂಜೆ ಅಮ್ಮ ಅಡುಗೆ ಮಾಡೋವಾಗ ಹಾಕ್ತಾರೆ. ಗ್ಯಾರೇಜಲ್ಲಿ ಟ್ರೆಡ್‌ಮಿಲ್ಲು. ಲ್ಯಾಪ್‌ಟಾಪ್ ಫೋನ್ ಚಾರ್ಜರ್ ಎಲ್ಲಾ ರೂಮಲ್ಲೂ.

ಎಡಿಸನ್_ಅಕ್ಕ:
ಆ ಪಟ್ಟೀಲೇ ಕಳ್ಳ ಇದಾನೆ, ಒಬ್ಬನಲ್ಲ ಇಬ್ಬರು ಇರ್ಬೋದು. ಒಂದು ವಿಷ್ಯ ಮೊದ್ಲೇ ಹೇಳ್ತೀನಿ, ಇದನ್ನ ಬಹಳ ಜನ ಗಮನಿಸಲ್ಲ. ಎಲ್ಲರೂ ನಾಯ್ಸ್ ನಾಯ್ಸ್ ಅಂತಾರೆ, ಆದ್ರೆ ಗಲಾಟೆ ಮಾಡೋ ಸಾಮಾನು ಬೇರೆ, ಸಿಗ್ನಲ್ ಕುಡಿಯೋ ಸಾಮಾನು ಬೇರೆ. ಎರಡಕ್ಕೂ ಲಕ್ಷಣ ಒಂದೇ, ದೀಪ ಹತ್ತಲ್ಲ. ಎರಡನ್ನೂ ಬೇರೆ ಮಾಡ್ಕೊಳ್ದೆ ಅಂಗಡಿಗೆ ಹೋಗಿ ಫಿಲ್ಟರ್ ತಂದು ಸಿಕ್ಕಲ್ಲಿ ಸಿಗ್ಸಿದ್ರೆ ದುಡ್ಡು ದಂಡ.

ನಿವೃತ್ತ_ಸಬ್‌ಸ್ಟೇಷನ್:
ನಮಸ್ಕಾರ. ನಾನು ಕೆಇಬಿಯಲ್ಲಿ, ಆಮೇಲೆ ಅದು ಕೆಪಿಟಿಸಿಎಲ್ ಆದಾಗ ಅಲ್ಲೂ, ಶಿವಮೊಗ್ಗ ಕಡೆಯ ಸಬ್‌ಸ್ಟೇಷನ್‌ಗಳಲ್ಲಿ ಕ್ಯಾರಿಯರ್ ಸೆಕ್ಷನ್ನಿನಲ್ಲಿ ಇದ್ದವನು. ಈಗ ಮಗಳ ಮನೆಗೆ ಡಲ್ಲಾಸಿಗೆ ಬಂದಿದ್ದೇನೆ. ಈ ಚರ್ಚೆ ನೋಡಿ ಸುಮ್ಮನಿರಲಾಗಲಿಲ್ಲ, ಏಕೆಂದರೆ ನೀವು 120 ವೋಲ್ಟಿನಲ್ಲಿ ಪಡುತ್ತಿರುವ ಕಷ್ಟವನ್ನೇ ನಾವು 220 ಕೆವಿ ಲೈನಿನಲ್ಲಿ ಪಟ್ಟಿದ್ದೇವೆ.

ಆಪ್ಟಿಕಲ್ ಫೈಬರ್ ಬರುವುದಕ್ಕೆ ಮುಂಚೆ ಒಂದು ಸ್ಟೇಷನ್ನಿಂದ ಇನ್ನೊಂದು ಸ್ಟೇಷನ್ನಿಗೆ ಫೋನ್ ಮಾಡುತ್ತಿದ್ದದ್ದು ಅದೇ ಹೈಟೆನ್ಷನ್ ತಂತಿಯ ಮೇಲೆ. ಪಿಎಲ್‌ಸಿಸಿ ಎನ್ನುತ್ತಾರೆ, ಪವರ್ ಲೈನ್ ಕ್ಯಾರಿಯರ್. ಮಾತು ಮಾತ್ರವಲ್ಲ, ಲೈನ್ ಫಾಲ್ಟ್ ಆದಾಗ ಆ ತುದಿಯ ಬ್ರೇಕರಿಗೆ ಟ್ರಿಪ್ ಆಗು ಎಂಬ ಆಜ್ಞೆಯೂ ಅದರ ಮೇಲೇ ಹೋಗಬೇಕಿತ್ತು, ಹಾಗಾಗಿ ಸದ್ದು ಜಾಸ್ತಿ ಇದೆ, ಕೇಳಿಸಲಿಲ್ಲ ಎಂದು ಹೇಳುವಂತಿರಲಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಇನ್ಸುಲೇಟರು, ತಂತಿ ಒದ್ದೆಯಾದಾಗ ಕರೋನಾ, ಅಂದರೆ ತಂತಿಯ ಸುತ್ತಲಿನ ಗಾಳಿಗೆ ವಿದ್ಯುತ್ ಸಿಡಿದು ಸೋರುವುದು, ಹೆಚ್ಚಾಗಿ ಹ್ಯಾಂಡ್‌ಸೆಟ್ಟಿನಲ್ಲಿ ಸುಯ್ ಎಂದು ಒಂದೇ ಸಮ ಸದ್ದು. ಬೇಸಿಗೆಯಲ್ಲಿ ಸ್ಪಷ್ಟವಾಗಿರುತ್ತಿದ್ದ ದನಿಯನ್ನು ಆಷಾಢದಲ್ಲಿ ಕಿವಿಗೊತ್ತಿ ಕೇಳಬೇಕಾಗುತ್ತಿತ್ತು.

ನೀವು ಯಾವುದೇ ದೊಡ್ಡ ಸಬ್‌ಸ್ಟೇಷನ್ ಪಕ್ಕ ಹೋದರೆ ಲೈನ್ ಒಳಗೆ ಬರುವ ಜಾಗದಲ್ಲಿ ಡ್ರಮ್ಮಿನ ಹಾಗೆ ಒಂದು ದಪ್ಪ ಕಾಯಿಲ್ ತೂಗುಬಿಟ್ಟಿರುತ್ತದೆ. ಅದು ವೇವ್ ಟ್ರ್ಯಾಪ್. 1 ಮಿಲಿಹೆನ್ರಿ ಕಾಯಿಲ್ 50 ಹರ್ಟ್ಝ್ ಕರೆಂಟಿಗೆ ಒಡ್ಡುವ ತಡೆ ಸುಮಾರು 0.3 ಓಮ್, ಇಲ್ಲವೆಂದೇ ಲೆಕ್ಕ. ಅದೇ ಕಾಯಿಲ್ ನಿಮ್ಮ ಎಕ್ಸ್‌10 ಬಳಸುವ 120 ಕಿಲೋಹರ್ಟ್ಝ್ ಸಿಗ್ನಲಿಗೆ 750 ಓಮ್. ಅಂದರೆ ಕರೆಂಟು ಹೋಗಲಿ, ಸಿಗ್ನಲ್ ಸ್ಟೇಷನ್ನಿನ ಬಸ್‌ಬಾರ್ ಕಡೆ ಹರಿದು ಹಾಳಾಗದೆ ಲೈನಿನಲ್ಲೇ ಉಳಿಯಲಿ ಎಂದು. ಅದರ ಪಕ್ಕದಲ್ಲಿ ಕಪ್ಲಿಂಗ್ ಕೆಪಾಸಿಟರ್, 4400 ಪಿಕೋಫ್ಯಾರಡ್ ಸಾಮಾನ್ಯ. ಅದು ತದ್ವಿರುದ್ಧ. 50 ಹರ್ಟ್ಝಿಗೆ ಏಳು ಲಕ್ಷ ಓಮಿನ ಮೇಲೆ, ಕ್ಯಾರಿಯರ್ ಸಿಗ್ನಲಿಗೆ ಕೆಲವು ನೂರು ಓಮ್.

ನಿಮ್ಮ ಮನೆಯಲ್ಲಿ ಆಗಬೇಕಾದದ್ದೂ ಇಷ್ಟೇ. ಸಿಗ್ನಲ್ ಎಲ್ಲಿ ದಾಟಬೇಕೋ ಅಲ್ಲಿ ಕೆಪಾಸಿಟರ್, ಎಲ್ಲಿ ಹೋಗಬಾರದೋ ಅಲ್ಲಿ ಕಾಯಿಲ್. ಎಡಿಸನ್ ಮೇಡಂ ಹೇಳಿದ ಫೇಸ್ ಕಪ್ಲರ್ ಎಂದರೆ ನಮ್ಮ ಕಪ್ಲಿಂಗ್ ಕೆಪಾಸಿಟರ್. ಅಂಗಡಿಯ ಫಿಲ್ಟರ್ ಎಂದರೆ ನಮ್ಮ ವೇವ್ ಟ್ರ್ಯಾಪ್.

ಎಡಿಸನ್_ಅಕ್ಕ:
ಸರ್, ಇದನ್ನ ಓದಿ ತುಂಬಾ ಖುಷಿಯಾಯ್ತು. ಇಷ್ಟು ವರ್ಷ ಫಿಲ್ಟರ್ ಸಿಗ್ಸಿದ್ರೂ ಅದು ಜೋಗದ ಲೈನಿನ ಕಾಯಿಲ್‌ನ ತಮ್ಮ ಅಂತ ಗೊತ್ತಿರ್ಲಿಲ್ಲ. ಸಿಗ್ನಲ್ ಕುಡಿಯೋದು ಹೇಗೆ ಅಂತ ನೀವೇ ಬಿಡಿಸಿ ಹೇಳ್ತೀರಾ?

ನಿವೃತ್ತ_ಸಬ್‌ಸ್ಟೇಷನ್:
ಹೇಳುತ್ತೇನೆ. ಯುಪಿಎಸ್, ಟಿವಿ, ಕಂಪ್ಯೂಟರ್ ಇವುಗಳ ಬಾಯಲ್ಲಿ, ಅಂದರೆ ಪ್ಲಗ್ ಒಳಗೆ ಹೋದ ತಕ್ಷಣ, ಹಾಟ್‌ಗೂ ನ್ಯೂಟ್ರಲ್‌ಗೂ ಅಡ್ಡವಾಗಿ ಒಂದು ಕೆಪಾಸಿಟರ್ ಕೂರಿಸಿರುತ್ತಾರೆ. ಅದರ ಕೆಲಸ ಆ ಸಾಮಾನಿನ ಗಲಾಟೆ ಹೊರಗೆ ಬರದಂತೆ ನೋಡಿಕೊಳ್ಳುವುದು, ಕಾನೂನಿಗೆ ಬೇಕಾದದ್ದೇ. ಆದರೆ 0.1 ಮೈಕ್ರೋಫ್ಯಾರಡ್ ಕೆಪಾಸಿಟರ್ 60 ಹರ್ಟ್ಝಿಗೆ 26 ಸಾವಿರ ಓಮ್ ಇದ್ದರೆ, 120 ಕಿಲೋಹರ್ಟ್ಝಿಗೆ ಬರೀ 13 ಓಮ್. 0.47 ಆದರೆ ಮೂರು ಓಮ್ ಕೂಡ ಇಲ್ಲ. ಗದ್ದೆ ಬದುವಿನಲ್ಲಿ ಏಡಿ ಬಿಲ ಇದ್ದ ಹಾಗೆ, ನೀರು ಬಿಟ್ಟಿದ್ದೇನೋ ಬಿಟ್ಟಿರಿ, ಕೊನೆಯ ಮಡಿಗೆ ಹೋಗುವುದೇ ಇಲ್ಲ, ನೋಡಿದರೆ ಎಲ್ಲೂ ಒಡೆದ ಗುರುತೂ ಕಾಣುವುದಿಲ್ಲ.

ಇದರಿಂದ ಹುಟ್ಟುವ ಒಂದು ಮುಖ್ಯ ಮಾತು. ಆ ಕೆಪಾಸಿಟರ್ ಸಾಮಾನಿನ ಸ್ವಿಚ್ಚಿಗಿಂತ ಮುಂಚೆಯೇ ಇರುವುದು ಸಾಮಾನ್ಯ. ಆದ್ದರಿಂದ ರಿಮೋಟಿನಲ್ಲಿ ಟಿವಿ ಆಫ್ ಮಾಡಿದರೆ ಏನೂ ಆಗುವುದಿಲ್ಲ, ಅದು ಸಿಗ್ನಲ್ ಕುಡಿಯುತ್ತಲೇ ಇರುತ್ತದೆ. ನಮ್ಮ ಊರಿನಲ್ಲಿ ಸಾಕೆಟ್ಟಿಗೇ ಸ್ವಿಚ್ ಇರುತ್ತದೆ, ಆರಿಸಿದರೆ ಬಿಟ್ಟುಹೋಯಿತು. ಇಲ್ಲಿನ ಸಾಕೆಟ್ಟಿಗೆ ಸ್ವಿಚ್ ಇಲ್ಲ. ಪರೀಕ್ಷೆ ಮಾಡುವಾಗ ಪ್ಲಗ್ಗನ್ನೇ ಕೀಳಬೇಕು.

ಟೆಕ್ಸಾಸ್_ಮೈಸೂರಿಗ:
ಸರ್, ತುಂಬಾ ಥ್ಯಾಂಕ್ಸ್. ಹಾಗಾದ್ರೆ ನನ್ನ ಸಂಜೆ ಸಮಸ್ಯೆ ಕುಡಿಯೋದರದ್ದಾ, ಗಲಾಟೆದ್ದಾ? ಟಿವಿ, ಯುಪಿಎಸ್ ಯಾವಾಗಲೂ ಪ್ಲಗ್ಗಲ್ಲೇ ಇರ್ತವಲ್ಲ, ಬೆಳಿಗ್ಗೆನೂ ಕುಡೀಬೇಕಿತ್ತು.

ನಿವೃತ್ತ_ಸಬ್‌ಸ್ಟೇಷನ್:
ಸರಿಯಾದ ಪ್ರಶ್ನೆ. ಅವು ಇಡೀ ದಿನ ಕುಡಿಯುತ್ತಿವೆ, ಸಿಗ್ನಲ್ ದಿನವಿಡೀ ಬಡಕಲಾಗಿದೆ. ಸಂಜೆ ಅದರ ಮೇಲೆ ಯಾವುದೋ ಗಲಾಟೆ ಸೇರುತ್ತಿದೆ. ಬಡಕಲು ಸಿಗ್ನಲ್ ಬೆಳಗಿನ ನಿಶ್ಶಬ್ದದಲ್ಲಿ ಕೇಳಿಸುತ್ತದೆ, ಸಂಜೆಯ ಗದ್ದಲದಲ್ಲಿ ಕೇಳಿಸುವುದಿಲ್ಲ. ಗೆಲ್ಲುವುದು ಇವೆರಡರ ಅನುಪಾತ, ಬರೀ ಒಂದನ್ನು ನೋಡಿ ಪ್ರಯೋಜನವಿಲ್ಲ.

ಎಡಿಸನ್_ಅಕ್ಕ:
ಎಕ್ಸ್‌10 ಮಾಡಿದೋರು ಗಲಾಟೆ ಬಗ್ಗೆ ಯೋಚ್ನೆ ಮಾಡಿರ್ಲಿಲ್ಲ ಅಂತಲ್ಲ. 120 ಕಿಲೋಹರ್ಟ್ಝ್‌ನ ಒಂದು ಮಿಲಿಸೆಕೆಂಡಿನ ಸಣ್ಣ ಬರ್ಸ್ಟ್, ಅದೂ ಎಸಿ ವೋಲ್ಟೇಜ್ ಸೊನ್ನೆ ದಾಟೋ ಕ್ಷಣದಲ್ಲೇ ಕಳ್ಸುತ್ತೆ. ಬರ್ಸ್ಟ್ ಇದ್ರೆ ಒಂದು, ಇಲ್ದಿದ್ರೆ ಸೊನ್ನೆ. ಆ ಕ್ಷಣದಲ್ಲೇ ಯಾಕೆ ಅಂದ್ರೆ ಡಿಮ್ಮರ್‌ಗಳು, ಮೋಟಾರ್‌ಗಳು ಸಾಮಾನ್ಯವಾಗಿ ಆಗ ತಣ್ಣಗಿರ್ತವೆ, ಕಳ್ಸೋರು ಕೇಳೋರು ಇಬ್ಬರಿಗೂ ಗಡಿಯಾರ ಬೇರೆ ಬೇಡ. ಪ್ರತಿ ಬಿಟ್ಟನ್ನೂ ಒಮ್ಮೆ ನೇರ ಒಮ್ಮೆ ತಿರುವಿ ಕಳ್ಸುತ್ತೆ, ಇಡೀ ಕಮಾಂಡನ್ನ ಎರಡು ಸಲ ಹೇಳುತ್ತೆ. ಅಡ್ರೆಸ್ ಒಂದ್ಸಲ, ಆನ್ ಅಥವಾ ಆಫ್ ಒಂದ್ಸಲ, ಮಧ್ಯೆ ಮೂರು ಸೈಕಲ್ ಗ್ಯಾಪು, ಎಲ್ಲಾ ಸೇರಿ 47 ಸೈಕಲ್, ಅಂದ್ರೆ ಮುಕ್ಕಾಲು ಸೆಕೆಂಡಿನ ಮೇಲೆ. ಅದಕ್ಕೇ ಬಟನ್ ಒತ್ತಿದ್ಮೇಲೆ ದೀಪ ಸ್ವಲ್ಪ ತಡೆದು ಹತ್ತೋದು.

ಆದ್ರೆ ಚಾರ್ಜರ್, ಎಲ್‌ಇಡಿ ದೀಪಗಳ ಒಳಗಿರೋ ಈಗಿನ ಸ್ವಿಚಿಂಗ್ ಪವರ್ ಸಪ್ಲೈಗಳಿಗೆ ಸೊನ್ನೆ ದಾಟೋ ಕ್ಷಣ ಗಿಷಣ ಏನೂ ಇಲ್ಲ, ಒಳಗೆ ಹತ್ತಾರು ಕಿಲೋಹರ್ಟ್ಝ್‌ನಲ್ಲಿ ಸದಾ ಓಡ್ತಿರ್ತವೆ, ಅದರ ಎರಡರಷ್ಟು ಮೂರರಷ್ಟು ಫ್ರೀಕ್ವೆನ್ಸಿಗಳು 120ರ ಹತ್ರ ಬಂದು ಬಿದ್ರೆ ರಿಸೀವರ್‌ಗೆ ಎಲ್ಲೆಲ್ಲೂ ಬರ್ಸ್ಟೇ ಕಾಣುತ್ತೆ. ಮೂಲ ಎಕ್ಸ್‌10ನಲ್ಲಿ ತಲುಪ್ತು ಅಂತ ತಿರುಗಿ ಹೇಳೋ ಏರ್ಪಾಡೂ ಇಲ್ಲ, ಕಳ್ಸಿದ ಡಬ್ಬಿ ಹೋಯ್ತು ಅಂದ್ಕೊಂಡು ಸುಮ್ನಾಗುತ್ತೆ.

ಸನಿವೇಲ್_ಹುಡುಗ:
ಅಕ್ಕಾ, ನೀವೇ ನನ್ ಕೇಸ್ ವಾದಿಸ್ತಿದೀರಲ್ಲ. ಇಷ್ಟೆಲ್ಲಾ ಕಷ್ಟ ಯಾಕೆ, ರೇಡಿಯೋ ಸ್ವಿಚ್ ಹಾಕಿದ್ರೆ ಮುಗೀತು.

ಎಡಿಸನ್_ಅಕ್ಕ:
ಮುಗಿಯಲ್ಲ ತಮ್ಮಾ. 90ರ ದಶಕದ ಮನೆ, ಎಷ್ಟೋ ಸ್ವಿಚ್ ಬಾಕ್ಸಲ್ಲಿ ನ್ಯೂಟ್ರಲ್ ವೈರೇ ಇರಲ್ಲ. ಸ್ವಿಚ್ ಜಾಗಕ್ಕೆ ನ್ಯೂಟ್ರಲ್ ತರ್ಬೇಕು ಅನ್ನೋ ನಿಯಮ ಇಲ್ಲಿನ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡಿಗೆ ಬಂದಿದ್ದೇ 2011ರಲ್ಲಿ. ಹೊಸ ಸ್ಮಾರ್ಟ್ ಸ್ವಿಚ್ಚುಗಳಲ್ಲಿ ಬಹುಪಾಲಿಗೆ ನ್ಯೂಟ್ರಲ್ ಬೇಕು. ಅದಿಲ್ದಿದ್ರೆ ಗೋಡೆ ಒಡೀಬೇಕು. ಇನ್ನೊಂದು, ಈ ಇಂಟರ್ನೆಟ್ ನಂಬ್ಕೊಂಡಿರೋ ಸಿಸ್ಟಂಗಳ ಕಥೆ ನಿಮಗೂ ಗೊತ್ತು, 2022ರ ಏಪ್ರಿಲಲ್ಲಿ ಇನ್‌ಸ್ಟಿಯಾನ್ ಅನ್ನೋ ಸ್ಮಾರ್ಟ್ ಸ್ವಿಚ್ ಕಂಪನಿಯ ಸರ್ವರ್‌ಗಳು ಹೇಳದೆ ಕೇಳದೆ ನಿಂತು ಹೋದಾಗ ಆ್ಯಪ್ ನಂಬ್ಕೊಂಡಿದ್ದೋರೆಲ್ಲಾ ಒದ್ದಾಡಿದ್ರು, ಜೂನಲ್ಲಿ ಅದನ್ನ ಬಳಸ್ತಿದ್ದೋರದೇ ಒಂದು ಗುಂಪು ಕೊಂಡ್ಕೊಂಡ್ಮೇಲೆ ಮತ್ತೆ ಶುರುವಾಯ್ತು. ಇವರ ಎಕ್ಸ್‌10ಗೆ ಸರ್ವರ್ ಹಂಗೇ ಇಲ್ಲ. ಮನೆಯ ವೈರೇ ಎಲ್ಲಾ. ರಾತ್ರಿ ಹೊತ್ತು ವಯಸ್ಸಾದೋರಿಗೆ ಬೇಕಾದ ದೀಪಕ್ಕೆ ನಾನಂತೂ ಅದನ್ನೇ ಇಷ್ಟಪಡ್ತೀನಿ, ಸರಿ ಮಾಡಿದ್ಮೇಲೆ.

ಹೊಸದಾಗಿ ತಗೊಳ್ಳೋರಿಗೆ ನಾನು ಎಕ್ಸ್‌10 ತಗೊಳ್ಳಿ ಅಂತ ಹೇಳಲ್ಲ, ಅದು ಬೇರೆ ಮಾತು.

ಹುಬ್ಬಳ್ಳಿ_ವೈರಿಂಗ್:
ಎಲ್ಲಾರಿಗೂ ನಮಸ್ಕಾರ ರೀ. ನಂದು ಹುಬ್ಬಳ್ಳಿ, ನಮ್ಮ ಮನ್ಯಾಗ ಎಕ್ಸ್‌10 ಗಿಕ್ಸ್‌10 ಏನಿಲ್ಲ, ಆದ್ರ ಮ್ಯಾಲಿನ ಮಾಡಕ್ಕ ವೈಫೈ ಬರಂಗಿಲ್ಲ ಅಂತ ಪವರ್‌ಲೈನ್ ಅಡಾಪ್ಟರ್ ಜೋಡಿ ಹಾಕೀನಿ, ಕರೆಂಟ್ ವೈರಿನ ಮ್ಯಾಲೆ ಇಂಟರ್ನೆಟ್ ಹೋಗ್ತದಲ್ರೀ ಅದು. ಮಿಕ್ಸಿ ಹಚ್ಚಿದ್ರ ಸಾಕು ಮ್ಯಾಲೆ ನೆಟ್ ಬಿದ್ದೇ ಹೋಗ್ತೈತಿ. ಥ್ರೀ ಫೇಸ್ ಮನಿ ರೀ. ಸರ್ ಹೇಳಿದ ಕಾಯಿಲ್ ಕೆಪಾಸಿಟರ್ ಲೆಕ್ಕ ನಮಗೂ ಬರ್ತೈತೇನ್ರಿ?

ನಿವೃತ್ತ_ಸಬ್‌ಸ್ಟೇಷನ್:
ತತ್ವ ಅದೇ, ಫ್ರೀಕ್ವೆನ್ಸಿ ಬೇರೆ. ಹೋಮ್‌ಪ್ಲಗ್ ಎವಿ ಅಡಾಪ್ಟರುಗಳು 2ರಿಂದ 28 ಮೆಗಾಹರ್ಟ್ಝ್ ಬಳಸುತ್ತವೆ, ಎಕ್ಸ್‌10ಗಿಂತ ಎಷ್ಟೋ ಪಟ್ಟು ಮೇಲೆ. ಮಿಕ್ಸಿಯ ಮೋಟಾರಿನಲ್ಲಿ ಇದ್ದಿಲಿನ ಬ್ರಶ್ ಕಮ್ಯುಟೇಟರಿನ ಮೇಲೆ ಉಜ್ಜಿ ಕಿಡಿ ಹಾರುತ್ತದೆ, ಕಿಡಿಯ ಸದ್ದು ಬಹಳ ಅಗಲ, ಅಲ್ಲಿಯವರೆಗೂ ಹರಡುತ್ತದೆ. ಬ್ರಶ್ ಸವೆದಿದ್ದರೆ ಇನ್ನೂ ಜಾಸ್ತಿ, ಮಿಕ್ಸಿ ರಿಪೇರಿಯವರಲ್ಲಿ ಮೊದಲು ಬ್ರಶ್ ಬದಲಾಯಿಸಿ ನೋಡಿ. ಎರಡು ಅಡಾಪ್ಟರೂ ಒಂದೇ ಫೇಸಿನ ಮೇಲೆ ಇರುವಂತೆ ಮಾಡಿ. ಗೋಡೆ ಸಾಕೆಟ್ಟಿಗೆ ನೇರ ಸಿಗಿಸಿ, ಸ್ಪೈಕ್ ಗಾರ್ಡಿನ ಮೂಲಕ ಬೇಡ. ಇನ್ವರ್ಟರ್ ಲೈನಿನ ಸಾಕೆಟ್ಟಿಗೂ ಬೇಡ.

ಹುಬ್ಬಳ್ಳಿ_ವೈರಿಂಗ್:
ಒಂದು ಅಡಾಪ್ಟರ್ ಸ್ಪೈಕ್ ಗಾರ್ಡಿನ್ಯಾಗನ ಐತ್ರಿ! ಇವತ್ತ ಸಂಜೀಕ ತಗದು ನೋಡ್ತೀನಿ.

ಎಡಿಸನ್_ಅಕ್ಕ:
ಮೈಸೂರಿಗ, ಈಗ ನಿಮ್ಮ ಕೆಲಸ ಶುರು. ನಾನು ಮಾಡೋ ಕ್ರಮ ಹೇಳ್ತೀನಿ, ಹಾಗೇ ಮಾಡಿ.

ಒಂದು ಎಕ್ಸ್‌10 ಸಿಗ್ನಲ್ ಮೀಟರ್ ತಗೊಳ್ಳಿ, ಹಳೇದು ಆನ್‌ಲೈನಲ್ಲಿ ಸಿಗುತ್ತೆ, ಪ್ಲಗ್ಗಿಗೆ ಸಿಗ್ಸಿದ್ರೆ ಸಿಗ್ನಲ್ ಎಷ್ಟು ಮಿಲಿವೋಲ್ಟ್ ಅಂತ ದೀಪದ ಸಾಲಲ್ಲಿ ತೋರ್ಸುತ್ತೆ. 100 ಮಿಲಿವೋಲ್ಟ್ ಮೇಲೆ ಇದ್ರೆ ನೆಮ್ಮದಿ ಅನ್ನೋದು ಬಳಸೋರ ರೂಢಿ. ಮೀಟರ್ ಬರೋ ತನಕ ಬ್ಯಾಟರಿ ಹಾಕೋ ಹಳೇ ಎಎಮ್ ರೇಡಿಯೋ ಇದ್ರೆ ಸ್ಟೇಷನ್ ಇಲ್ಲದ ಜಾಗಕ್ಕೆ ತಿರುಗಿಸಿ, ಅನುಮಾನ ಇರೋ ಚಾರ್ಜರ್, ಎಲ್‌ಇಡಿ ದೀಪದ ಹತ್ರ ಹಿಡೀರಿ. ಅದು ಕೇಳೋದು 530 ಕಿಲೋಹರ್ಟ್ಝಿಂದ ಮೇಲಿಂದು, ನಮ್ಮ 120 ಅಲ್ಲ, ಆದ್ರೂ ಕೆಟ್ಟ ಪವರ್ ಸಪ್ಲೈ ಅಲ್ಲಿ ತನಕ ಝುಯ್ ಅನ್ನುತ್ತೆ. ಅನುಮಾನ ಹುಟ್ಟಿಸೋಕೆ ಸಾಕು, ಸಾಕ್ಷಿಗೆ ಸಾಲಲ್ಲ.

ಆಮೇಲೆ ಸಂಜೆ, ಸಮಸ್ಯೆ ಜೋರಾಗಿರೋ ಹೊತ್ತಲ್ಲಿ, ಬ್ರೇಕರ್ ಬಾಕ್ಸ್ ಹತ್ರ ನಿಂತ್ಕೊಂಡು ಸಿಗ್ನಲ್ ಕಳ್ಸೋ ರಿಸೀವರ್ ಡಬ್ಬಿಯ ಸರ್ಕ್ಯೂಟೂ ಮೀಟರ್ ಸರ್ಕ್ಯೂಟೂ ಬಿಟ್ಟು ಬಾಕಿ ಬ್ರೇಕರ್ ಎಲ್ಲಾ ಆಫ್ ಮಾಡಿ. ಅಪ್ಪ ಅಮ್ಮಂಗೆ ಮೊದ್ಲೇ ಹೇಳಿ, ಉಸಿರಾಟದ ಮಶೀನು ಅಂಥದ್ದೇನಾದ್ರೂ ಇದ್ರೆ ಆ ಸರ್ಕ್ಯೂಟ್ ಮುಟ್ಬೇಡಿ. ಈಗ ಒಂದೇ ಕಮಾಂಡ್ ಮತ್ತೆ ಮತ್ತೆ ಕಳ್ಸೋ ಹಾಗೆ ಮಾಡಿ ಒಂದೊಂದೇ ಬ್ರೇಕರ್ ಆನ್ ಮಾಡ್ತಾ ಹೋಗಿ. ಯಾವ ಬ್ರೇಕರ್ ಹಾಕಿದಾಗ ಸಿಗ್ನಲ್ ಧಡಕ್ಕಂತ ಇಳಿಯುತ್ತೋ ಅಲ್ಲಿ ಕುಡಿಯೋನು ಇದಾನೆ. ಸಿಗ್ನಲ್ ಇಳೀದೇ ಏನೂ ಕಳಿಸ್ದಾಗ್ಲೂ ಮೀಟರ್ ದೀಪ ಮಿನುಗ್ತಿದ್ರೆ ಅಲ್ಲಿ ಗಲಾಟೆ ಮಾಡೋನು. ಸರ್ಕ್ಯೂಟ್ ಸಿಕ್ಮೇಲೆ ಅದ್ರಲ್ಲಿರೋ ಪ್ಲಗ್ಗುಗಳನ್ನ ಒಂದೊಂದಾಗಿ ಕಿತ್ತು ನೋಡಿ.

ಎಲ್ಲಕ್ಕಿಂತ ಮೊದ್ಲು ಕಪ್ಲರ್ ಹಾಕ್ಸಿ. ಅದಿಲ್ದೆ ಮಾಡಿದ ಅಳತೆ ಯಾವುದನ್ನೂ ನಂಬೋಕಾಗಲ್ಲ, ಡ್ರೈಯರ್ ಆನ್ ಆದಾಗ ಒಂದು ಲೆಕ್ಕ, ಆಫ್ ಆದಾಗ ಒಂದು ಲೆಕ್ಕ ಬರುತ್ತೆ. ಪ್ಯಾನೆಲ್ಲಲ್ಲಿ ಎರಡೂ ಹಾಟ್‌ಗೆ ಸೇರಿರೋ ಟೂ ಪೋಲ್ ಬ್ರೇಕರ್‌ಗೆ ಕಟ್ಟೋದು ಅದು, ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ ಕೈಲೇ ಮಾಡ್ಸಿ. ಮೇನ್ ಆಫ್ ಮಾಡಿದ್ರೂ ಕರೆಂಟ್ ಮೀಟರಿಂದ ಬರೋ ದಪ್ಪ ವೈರು, ಅದನ್ನ ಬಿಗಿದಿರೋ ಲಗ್ಗು ಎರಡೂ ಜೀವಂತ ಇರ್ತವೆ, ಅದನ್ನ ಯಾವತ್ತೂ ಮರೀಬೇಡಿ.

ನಿವೃತ್ತ_ಸಬ್‌ಸ್ಟೇಷನ್:
ಮೇಡಂ ಹೇಳಿದ ಕೊನೆಯ ಮಾತನ್ನು ಇನ್ನೊಮ್ಮೆ ಓದಿ. ಬಿಡಿ ಕೆಪಾಸಿಟರ್ ತಂದು ಎರಡು ಹಾಟ್ ನಡುವೆ ನೀವೇ ಕಟ್ಟುವ ಯೋಚನೆ ದಯವಿಟ್ಟು ಬೇಡ. ಲೈನಿಗೆ ಅಡ್ಡ ಕೂರಿಸಲೆಂದೇ ಮಾಡಿದ ಎಕ್ಸ್2 ದರ್ಜೆಯದಲ್ಲದ ಕೆಪಾಸಿಟರ್ ಶಾರ್ಟ್ ಆಗಿ ಬೆಂಕಿ ಹತ್ತಬಹುದು. ಪ್ರಮಾಣಪತ್ರ ಇರುವ ಕಪ್ಲರನ್ನೇ ತರಿಸಿ.

ಟೆಕ್ಸಾಸ್_ಮೈಸೂರಿಗ:
ಆಯ್ತು ಸರ್, ಆಯ್ತು ಅಕ್ಕಾ. ಕಪ್ಲರ್‌ಗೂ ಮೀಟರ್‌ಗೂ ಆರ್ಡರ್ ಮಾಡಿದೀನಿ, ಎಲೆಕ್ಟ್ರಿಷಿಯನ್‌ಗೂ ಹೇಳಿದೀನಿ. ಬಂದ್ಮೇಲೆ ಬರೀತೀನಿ.

ಟೆಕ್ಸಾಸ್_ಮೈಸೂರಿಗ:
ಅಪ್‌ಡೇಟ್! ಕಪ್ಲರ್ ಹಾಕ್ಸಿದ್ದೇ ತಡ, ಡ್ರೈಯರ್ ಇಲ್ದೇನೇ ಹಗಲು ಹೊತ್ತು ಮೇಲಿನ ಎಲ್ಲಾ ಸ್ವಿಚ್ಚೂ ಮಾತಾಡ್ತಿವೆ. ಆದ್ರೆ ಮೆಟ್ಟಿಲ ಹತ್ರ ಮೀಟರ್ 40 ಮಿಲಿವೋಲ್ಟ್ ದಾಟಲ್ಲ, ಸಂಜೆ ಮತ್ತೆ ಅದೇ ರಗಳೆ. ಹಾಗಾಗಿ ಬ್ರೇಕರ್ ಪರೀಕ್ಷೆ ಮಾಡ್ದೆ, ಅಪ್ಪ ಟಾರ್ಚ್ ಹಿಡ್ಕೊಂಡು ಮೇಲೆ ಮೀಟರ್ ಮುಂದೆ ಕೂತಿದ್ರು, ನಾನು ಗ್ಯಾರೇಜಿಂದ ಫೋನಲ್ಲಿ ಕೇಳ್ತಿದ್ದೆ. ಅಪ್ಪ ಒಂದೊಂದನ್ನೂ ಕಾಗದದ ಮೇಲೆ ಬರ್ಕೊಂಡ್ರು.

ಹಾಲಲ್ಲಿ ಟಿವಿಯ ಸರ್ಜ್ ಪಟ್ಟೀನೂ ಕಿತ್ತು, ಬಾಕಿ ಬ್ರೇಕರ್ ಎಲ್ಲಾ ಆಫ್ ಇದ್ದಾಗ ಸಿಗ್ನಲ್ ಒಂದು ವೋಲ್ಟಿನ ಮೇಲೆ ಹೋಯ್ತು. ಆ ಸರ್ಜ್ ಪಟ್ಟಿ ಮತ್ತೆ ಸಿಗ್ಸಿದಾಗ ಅರ್ಧಕ್ಕಿಂತ ಕಮ್ಮಿಗೆ ಬಿತ್ತು. ಆಫೀಸ್ ರೂಮ್ ಹಾಕ್ದಾಗ ಪಾತಾಳಕ್ಕೆ, ಯುಪಿಎಸ್ ಪ್ಲಗ್ ಕಿತ್ರೆ ವಾಪಸ್ ಮೇಲೆ ಬರುತ್ತೆ. ಅಡುಗೆಮನೆ ಬ್ರೇಕರ್ ಹಾಕ್ದಾಗ ಸಿಗ್ನಲ್ ಏನೂ ಇಳೀಲಿಲ್ಲ, ಆದ್ರೆ ಆ ಕಪಾಟಿನ ಕೆಳಗಿನ ಎಲ್‌ಇಡಿ ಪಟ್ಟಿ ದೀಪ ಹಾಕಿದ ಕೂಡ್ಲೇ ನಾನೇನೂ ಕಳಿಸ್ದೇನೇ ಮೀಟರ್ ದೀಪ ಉರೀತಾನೇ ಇತ್ತು. ಅಮ್ಮ ಅಡುಗೆ ಮಾಡೋ ಹೊತ್ತು, ಸಂಜೆ ಏಳು. ಲೆಕ್ಕ ಸರಿ ಹೋಯ್ತು.

ಎಡಿಸನ್_ಅಕ್ಕ:
ನೋಡಿ, ಟಿವಿಯ ಸರ್ಜ್ ಪಟ್ಟಿ ಮತ್ತು ಯುಪಿಎಸ್ ಸಿಗ್ನಲ್ ಕುಡಿಯೋರು, ಎಲ್‌ಇಡಿ ಗಲಾಟೆಯೋನು. ಈಗ ಎಲ್ಲಿ ದುಡ್ಡು ಹಾಕ್ಬೇಕು ಅಂತ ಗೊತ್ತಾಯ್ತಲ್ಲ. ಯುಪಿಎಸ್‌ಗೂ ಗೋಡೆಗೂ ಮಧ್ಯೆ ಒಂದು ಪ್ಲಗ್ ಫಿಲ್ಟರ್, ಟಿವಿಯ ಸರ್ಜ್ ಪಟ್ಟಿಗೂ ಗೋಡೆಗೂ ಮಧ್ಯೆ ಒಂದು. ಪಟ್ಟಿಯ ಆಚೆ ಎಷ್ಟು ಸಾಮಾನಿದ್ರೂ ಒಂದೇ ಫಿಲ್ಟರ್ ಸಾಕು, ಆದ್ರೆ ಆ ಪಟ್ಟೀಲಿ ಎಕ್ಸ್‌10 ಮಾಡ್ಯೂಲ್ ಯಾವುದೂ ಇರ್ಬಾರ್ದು, ಇದ್ರೆ ಅದೂ ಕಿವುಡಾಗುತ್ತೆ. ನಿಮ್ಮ ರಿಸೀವರ್ ಡಬ್ಬಿ ಎಲ್ಲಿದೆ ಈಗ?

ಟೆಕ್ಸಾಸ್_ಮೈಸೂರಿಗ:
ಹಾಲಲ್ಲಿ ಟಿವಿ ಹಿಂದೆ, ಅದೇ ಗೋಡೆ ಸಾಕೆಟ್ಟಿನ ಇನ್ನೊಂದು ತೂತಿಗೆ.

ನಿವೃತ್ತ_ಸಬ್‌ಸ್ಟೇಷನ್:
ಅಲ್ಲಿಂದ ತೆಗೆಯಿರಿ. ಕಳುಹಿಸುವ ಯಂತ್ರದ ಬಾಯಿಗೇ ಕೆಪಾಸಿಟರ್ ಅಂಟಿಕೊಂಡಿದೆ, ಹೊರಡುವ ಮುಂಚೆಯೇ ಅರ್ಧ ಶಕ್ತಿ ಹೋಗುತ್ತಿದೆ. ಬ್ರೇಕರ್ ಪ್ಯಾನೆಲ್ಲಿಗೆ ಹತ್ತಿರದ, ಬೇರೇನೂ ಇಲ್ಲದ ಸರ್ಕ್ಯೂಟಿನ ಸಾಕೆಟ್ಟಿಗೆ ಹಾಕಿ. ಅಲ್ಲಿಂದ ಎಲ್ಲಾ ಕವಲಿಗೂ ಸಮನಾಗಿ ಹೋಗುತ್ತದೆ. ಸೆನ್ಸರಿನ ರೇಡಿಯೋ ಅಲ್ಲಿಗೆ ತಲುಪುತ್ತದೆಯೇ ನೋಡಿಕೊಳ್ಳಿ.

ಎಲ್‌ಇಡಿ ಪಟ್ಟಿಯ ಗಲಾಟೆ ಬರುತ್ತಿರುವುದು ಅದಕ್ಕೆ ಕರೆಂಟ್ ಕೊಡುವ ಡ್ರೈವರ್ ಡಬ್ಬಿಯಿಂದ. ಫಿಲ್ಟರ್ ಹಾಕಬಹುದು, ಅದಕ್ಕಿಂತ ಅಷ್ಟೇ ವೋಲ್ಟಿನ, ಅಷ್ಟೇ ವ್ಯಾಟಿನ, ಎಫ್‌ಸಿಸಿ (ಅಮೆರಿಕದ ಸಂಪರ್ಕ ನಿಯಂತ್ರಣ ಸಂಸ್ಥೆ) ನಿಯಮ ಪಾಲಿಸಿದ ಒಳ್ಳೆಯ ಡ್ರೈವರ್ ಹಾಕಿ ನೋಡುವುದು ಮೇಲು. ಗಲಾಟೆ ಹುಟ್ಟುವಲ್ಲೇ ನಿಲ್ಲಿಸಿದರೆ ಉಳಿದ ಮನೆ ಪೂರ್ತಿ ಶುಭ್ರ.

ಸನಿವೇಲ್_ಹುಡುಗ:
ನಾನು ಝೀವೇವ್ ಪಾರ್ಟಿನೇ, ಆದ್ರೂ ಒಂದು ಪ್ರಶ್ನೆ. ನಮ್ಮ ಕಸಿನ್ ಮನೇಲಿ ಹಳೇ ಎಕ್ಸ್‌10 ಇದೆ, ಸೋಲಾರ್ ಹಾಕ್ಸಿದ ಮೇಲೆ ಹಗಲು ಕೆಲ್ಸ ಮಾಡಲ್ಲ, ರಾತ್ರಿ ಸೂಪರ್. ಅದೂ ಇದೇನಾ?

ಎಡಿಸನ್_ಅಕ್ಕ:
ಹೌದು, ಇನ್ವರ್ಟರ್ ಬಿಸಿಲಿದ್ದಾಗ ಸ್ವಿಚಿಂಗ್ ಮಾಡ್ತಿರುತ್ತೆ, ಅದಲ್ದೆ ಸೋಲಾರ್ ಪ್ಯಾನೆಲ್ ಹಿಂದೆ ಕೂರೋ ಕೆಲವು ಮೈಕ್ರೋ ಇನ್ವರ್ಟರ್‌ಗಳು ತಮ್ಮ ಲೆಕ್ಕ ಒಪ್ಪಿಸೋಕೆ ತಾವೇ ಪವರ್‌ಲೈನ್ ಮೇಲೆ ಮಾತಾಡ್ತವೆ. ಅದಕ್ಕೆ ಪ್ಲಗ್ ಫಿಲ್ಟರ್ ಸಾಲಲ್ಲ, ಸೋಲಾರ್ ಸರ್ಕ್ಯೂಟಿನ ಮೇಲೇ ಹಾಕೋ ದೊಡ್ಡ ಫಿಲ್ಟರ್ ಬೇಕು, ಹಾಕ್ಸಿದೋರನ್ನೇ ಕೇಳೋಕೆ ಹೇಳಿ. ಇನ್ವರ್ಟರ್ ತನ್ನ ಮಾತು ಕಳ್ಸೋ ದಾರಿ ಮುಚ್ಚಿ ಹೋಗದ ಹಾಗೆ ನೋಡ್ಕೊಂಡು ಮಾಡ್ಬೇಕು.

ಹುಬ್ಬಳ್ಳಿ_ವೈರಿಂಗ್:
ಸರ್, ಸ್ಪೈಕ್ ಗಾರ್ಡ್ ತಗದೆ, ಗ್ವಾಡಿಗೆ ಸೀದಾ ಹಚ್ಚಿದೆ, ಸ್ಪೀಡ್ ಭಾಳ ಬಂತ್ರಿ. ಮಿಕ್ಸಿ ಹಚ್ಚಿದ್ರ ಈಗ ಸ್ವಲ್ಪ ನಿಧಾನ ಆಗ್ತೈತಿ, ಬೀಳಂಗಿಲ್ಲ. ಬ್ರಶ್ ನಾಳಿ ಹಾಕಿಸ್ತೀನ್ರಿ. ಭಾಳ ಉಪಕಾರ ಆತು.

ಟೆಕ್ಸಾಸ್_ಮೈಸೂರಿಗ:
ಫಿಲ್ಟರ್ ಎರಡು ಬಂತು, ಹಾಕ್ದೆ. ಡಬ್ಬೀನ ಪ್ಯಾನೆಲ್ ಪಕ್ಕದ ಸಾಕೆಟ್ಟಿಗೆ ತಂದೆ. ಎಲ್‌ಇಡಿ ಡ್ರೈವರ್ ಬದಲಾಯಿಸ್ದೆ, ಹೊಸದ್ರಲ್ಲಿ ಮೀಟರ್ ಪೂರ್ತಿ ಕಪ್ಪು, ಏನೂ ಮಿನುಗಲ್ಲ. ಮೆಟ್ಟಿಲ ಹತ್ರ ಈಗ 600 ಮಿಲಿವೋಲ್ಟ್ ಆಸುಪಾಸು, ಸಂಜೆ ಅಡುಗೆ ನಡೀವಾಗ್ಲೂ ಅಷ್ಟೇ. ಅಪ್ಪ ರಾತ್ರಿ ಎದ್ದಾಗ ದೀಪ ಹತ್ತುತ್ತೆ, ವಾಪಸ್ ಬಂದು ಮಲಗಿದ ಮೇಲೆ ಆರುತ್ತೆ. ಸರ್, ಅಕ್ಕಾ, ನಿಮಗಿಬ್ಬರಿಗೂ ಹೇಗೆ ಥ್ಯಾಂಕ್ಸ್ ಹೇಳ್ಬೇಕೋ ಗೊತ್ತಿಲ್ಲ. ಅಪ್ಪ ಸರ್ ಹತ್ರ ಫೋನಲ್ಲಿ ಮಾತಾಡ್ಬೇಕಂತೆ, ಡಲ್ಲಾಸ್ ಇಲ್ಲೇ ತಾನೆ, ಒಂದು ಭಾನುವಾರ ಊಟಕ್ಕೆ ಬನ್ನಿ ಅಂತಿದಾರೆ.

ಇನ್ನೊಂದೇ ಉಳಿದಿದೆ. ಗ್ಯಾರೇಜಿನ ಟ್ರೆಡ್‌ಮಿಲ್ ಓಡ್ಸಿದಾಗ ಹಿಂದುಗಡೆ ವರಾಂಡ ದೀಪ ಒಂದು ಆಗಾಗ ತಪ್ಪುತ್ತೆ. ಅದಕ್ಕೂ ಇದೇ ಫಿಲ್ಟರ್ ಹಾಕ್ಲಾ?

ಎಡಿಸನ್_ಅಕ್ಕ:
ಹಾಕೋ ಮುಂಚೆ ಫಿಲ್ಟರ್ ಮೇಲೆ ಎಷ್ಟು ಆಂಪಿಯರ್ ಅಂತ ಬರೆದಿದೆ ನೋಡಿ. ಯುಪಿಎಸ್‌ಗೆ ತಂದಿದ್ದು 5 ಆಂಪಿಯರಿಂದಾದ್ರೆ ಟ್ರೆಡ್‌ಮಿಲ್‌ಗೆ ಖಂಡಿತ ಬೇಡ, ಅದರ ಮೋಟಾರ್ ಏರೋವಾಗ ಅದಕ್ಕಿಂತ ಜಾಸ್ತಿ ಎಳ್ಯುತ್ತೆ, ಫಿಲ್ಟರ್ ಒಳಗಿನ ಕಾಯಿಲ್ ಕಾದು ಕರಗುತ್ತೆ. ಟ್ರೆಡ್‌ಮಿಲ್ ಹಿಂದೆ ಅಂಟಿಸಿರೋ ಚೀಟೀಲಿ ಆಂಪಿಯರ್ ಇರುತ್ತೆ, ಅದಕ್ಕಿಂತ ಮೇಲಿನ ರೇಟಿಂಗಿಂದು, 15 ಅಥ್ವಾ 20 ಆಂಪಿಯರಿಂದು ಬೇಕು, ಅದು ಸಾಮಾನ್ಯವಾಗಿ ವೈರಿಂಗ್ ಮಧ್ಯೆ ಕಟ್ಟೋ ಥರದ್ದು, ಕಪ್ಲರ್ ಹಾಕಿದ ಎಲೆಕ್ಟ್ರಿಷಿಯನ್‌ನೇ ಕರೀರಿ. ಅಲ್ಲಿ ತನಕ ಟ್ರೆಡ್‌ಮಿಲ್ ಬಳಸದಾಗ ಪ್ಲಗ್ ಕಿತ್ತಿಡಿ.

ನಿವೃತ್ತ_ಸಬ್‌ಸ್ಟೇಷನ್:
ಊಟಕ್ಕೆ ಖಂಡಿತ ಬರುತ್ತೇನೆ. ಮೀಟರ್ ತೆಗೆದಿಟ್ಟಿರಿ, ನಿಮ್ಮ ತಂದೆಯವರು ಬರೆದುಕೊಂಡ ಆ ಕಾಗದವನ್ನೂ. ವರಾಂಡದ ಸರ್ಕ್ಯೂಟ್ ಯಾವ ಲೆಗ್ಗಿನಲ್ಲಿದೆ ಎಂದು ಒಟ್ಟಿಗೆ ಕೂತು ನೋಡೋಣ.